ಮಲೆನಾಡಿನ ಮಳೆಗೆ ಬಾಳುವ ಫೋಟೋ ಕಟ್ಟು: ಮಾಡುವುದು, ಮಾರುವುದು

ಜೋಗ, ಕೊಡಚಾದ್ರಿ, ಆಗುಂಬೆಯ ಫೋಟೋಗಳಿಗೆ ಕಟ್ಟು ಹಾಕಿ ಮಾರುವವರು ಪರಿಸರದ ಲೆಕ್ಕವನ್ನು ಬಾಳಿಕೆಯಿಂದ ಶುರುಮಾಡಬೇಕು. ಎರಡು ಮಳೆಗಾಲಕ್ಕೆ ಬೂಷ್ಟು ಹಿಡಿದು ತಿಪ್ಪೆ ಸೇರುವ ಕಟ್ಟು ಎಂಥ ಮರದ್ದಾದರೂ ದಂಡವೇ.

ಪ್ರಿಂಟನ್ನು ಆರ್ಡರ್ ಬಂದ ಮೇಲೆ ಹಾಕಿಸಿ. ತೋರಿಸಲು 8×12 ಇಂಚಿನ ಮಾದರಿ ಸಾಕು. ಹತ್ತಿ ನಾರಿನ ಕಾಗದ, ಪಿಗ್ಮೆಂಟ್ ಇಂಕ್ ಇರಲಿ. ಲ್ಯಾಮಿನೇಷನ್ ಮಾಡಿ ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿದ) ಹಲಗೆಗೆ ಅಂಟಿಸಿದ ಫೋಟೋ ಅಗ್ಗ, ನಿಜ. ಆದರೆ ತೇವಕ್ಕೆ ಹಲಗೆಯ ಅಂಚು ಉಬ್ಬಿತೆಂದರೆ ಫೋಟೋವನ್ನು ಬಿಡಿಸಿಕೊಳ್ಳುವ ದಾರಿಯೇ ಇಲ್ಲ.

ಕಟ್ಟಿನ ಪಟ್ಟಿಗೆ ಹಲಸು, ಸಿಲ್ವರ್ ಓಕ್, ಇಲ್ಲವೇ ಹಳೇ ಮನೆ ಕಿತ್ತ ಮರ ಒಳ್ಳೆಯದು. ಹಳೇ ಮರದ ಮೇಲೆ ಮೊದಲು ಅಯಸ್ಕಾಂತ ಆಡಿಸಿ. ಒಳಗೆ ಮುರಿದ ಮೊಳೆಯಿದ್ದರೆ ರಂದಾದ ಅಲಗು ಹೋಗುತ್ತದೆ. ಬೆಳ್ಳನೆ ಹೊರಮರವನ್ನು ತೆಗೆದುಬಿಡಿ, ಕುಟ್ಟೆ ಹುಳ ಹಿಡಿಯುವುದು ಅಲ್ಲಿಂದಲೇ. ಬೀಟೆ, ಸಾಗುವಾನಿ ಯಾರಾದರೂ ಸಸ್ತಾದಲ್ಲಿ ಕೊಡುತ್ತೇನೆಂದರೆ ಬಿಲ್ಲು ಕೇಳಿ. ಬಿಲ್ಲಿಲ್ಲದಿದ್ದರೆ ಆ ಮರ ಬೇಡ.

12×18 ಪ್ರಿಂಟಿನ ಲೆಕ್ಕ ಹೀಗೆ. ಮೌಂಟ್ ಬೋರ್ಡಿನ (ಫೋಟೋಗೂ ಗಾಜಿಗೂ ನಡುವೆ ಕೂರುವ, ನಡುವೆ ಕಿಟಕಿ ಕೊಯ್ದ ದಪ್ಪ ರಟ್ಟಿನ) ಕಿಟಕಿ 11½×17½ ಇಂಚು, ಸುತ್ತ 2½ ಇಂಚು ಅಂಚು. ಹೊರಗಿನ ಅಳತೆ 16½×22½. ಒಂದಿಂಚು ಅಗಲದ ಪಟ್ಟಿ, ಗರಗಸದ ಸವಕಳಿ ಸೇರಿ, ಏಳೂವರೆ ಅಡಿ ಬೇಕು. ಮರದ ತೇವ 12%ರ ಆಸುಪಾಸಿಗೆ ಇಳಿದ ಮೇಲೆ ಕೊಯ್ಯಿರಿ. ಜುಲೈನ ಹಸಿ ಮರದಲ್ಲಿ ಕೂಡಿಸಿದ ಮೂಲೆ ಬೆಂಗಳೂರಿನ ಎಸಿ ಕೋಣೆಗೆ ಹೋದರೆ ಮರ ಕುಗ್ಗಿ ಒಳಗಡೆಯಿಂದ ಬಾಯಿಬಿಡುತ್ತದೆ. ತೀರ ಒಣಗಿದ ಮರ ತೀರ್ಥಹಳ್ಳಿಯ ಮಳೆಗೆ ಉಬ್ಬಿದರೆ ಬಿರುಕು ಹೊರಮೂಲೆಯಲ್ಲಿ. ಬಿರುಕು ಯಾವ ಕಡೆ ಎಂದು ನೋಡಿದರೆ ತಪ್ಪು ಎಲ್ಲಾಯಿತೆಂದು ತಿಳಿಯುತ್ತದೆ.

ಫೋಟೋ ಗಾಜಿಗೆ ತಾಗಲೇಬಾರದು. ಸ್ಟುಡಿಯೋದ ಹೊಳಪು ಪ್ರಿಂಟಿನ ಮೇಲ್ಪದರ ಜೆಲಟಿನ್; ತೇವಕ್ಕೆ ಮೆದುವಾಗಿ ಗಾಜಿಗೆ ಅಂಟಿದರೆ ಕೀಳುವಾಗ ಚಿತ್ರವೇ ಕಿತ್ತು ಬರುತ್ತದೆ. ಆಮ್ಲರಹಿತ ಮೌಂಟ್ ಬೋರ್ಡ್ ಹಾಕುವುದು ಅಂದಕ್ಕೆ ಮಾತ್ರವಲ್ಲ, ಈ ಅಂತರಕ್ಕೆ. ಪ್ರಿಂಟನ್ನು ಮೇಲಂಚಿನಲ್ಲಿ ಮಾತ್ರ, ಎರಡು ತೆಳು ಕಾಗದದ ಪಟ್ಟಿ ಮತ್ತು ಗೋಧಿ ಪಿಷ್ಟದ ಅಂಟಿನಿಂದ ಬೋರ್ಡಿಗೆ ತೂಗುಬಿಡಿ. ನಾಲ್ಕೂ ಕಡೆ ಟೇಪು ಬಡಿದರೆ ಮಳೆಗಾಲದಲ್ಲಿ ಹಿಗ್ಗಲು ಜಾಗವಿಲ್ಲದೆ ಅಲೆಯೇಳುತ್ತದೆ.

ಕಟ್ಟು ಮುಚ್ಚುವ ಹಿಂದಿನ ರಾತ್ರಿ ಪ್ರಿಂಟು, ಬೋರ್ಡು, ಹಿಂಬದಿಯ ಹಲಗೆಯನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಅರ್ಧ ಕೆಜಿ ಜೊತೆ ಇಡಿ. ಆಷಾಢದ ತೇವವನ್ನು ಒಳಗೇ ಇಟ್ಟು ಮುಚ್ಚುವುದೆಂದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಕಿತ್ತಳೆ ಬಣ್ಣದ್ದು ತನ್ನಿ. ತೇವ ಹೀರಿದ ಮೇಲೆ 110 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಹಿಂಬದಿಯ ಕೆಳಮೂಲೆಗಳಿಗೆ 5 ಮಿ.ಮೀ. ದಪ್ಪದ ಮರದ ಚೂರು ಅಂಟಿಸಿ, ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡಲಿ.

ಕಳಿಸುವಾಗ ಮೂಲೆಗಳಿಗೆ ಥರ್ಮಕೋಲ್ ಬದಲು ಅಡಿಕೆ ಹಾಳೆ. ನಾಲ್ಕಿಂಚು ಅಗಲ ಕತ್ತರಿಸಿ, ಅರ್ಧ ಗಂಟೆ ನೆನೆಸಿ, ಮಡಚಿ ದಾರ ಕಟ್ಟಿ, ಬಿಸಿಲಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಹಸಿಯಿದ್ದರೆ ಬೂಷ್ಟು ಅದರಿಂದಲೇ ಕಟ್ಟಿಗೆ ಹತ್ತುತ್ತದೆ. ಗಾಜಿನ ಮೇಲೆ ಕಾಗದದ ಟೇಪನ್ನು ಅಡ್ಡಡ್ಡ ಅಂಟಿಸಿದರೆ, ಒಡೆದರೂ ಚೂರು ಪ್ರಿಂಟನ್ನು ಗೀರುವುದು ಕಡಿಮೆ. ಐದು ಪದರದ ರಟ್ಟಿನ ಪೆಟ್ಟಿಗೆಯಲ್ಲಿ ಸುತ್ತ ಎರಡಿಂಚು ಜಾಗ ಬಿಟ್ಟು, ಅಲ್ಲಿ ಹಳೇ ಪೇಪರ್ ತುರುಕಿ. ಮಳೆಗಾಲದಲ್ಲಿ ಮಾತ್ರ ಪ್ಲಾಸ್ಟಿಕ್ಕೇ ಬೇಡವೆಂಬ ಹಟ ಬಿಡಿ: ರಟ್ಟು ನೆಂದರೆ ಇಡೀ ಕೆಲಸ ಹಾಳು. ಒಮ್ಮೆ ಬಳಸಿದ ಪಾಲಿಥಿನ್ ಹಾಳೆಯನ್ನು ಒಳಗೆ ಸುತ್ತಿ, ಗಿರಾಕಿಯಿಂದ ವಾಪಸ್ ತರಿಸಿಕೊಳ್ಳಿ.

ಚೀಟಿಯಲ್ಲಿ ಬರೀ ‘ಪರಿಸರಸ್ನೇಹಿ’ ಎಂದು ಹಾಕಬೇಡಿ. ಆಧಾರವಿಲ್ಲದ ಇಂಥ ಮಾತಿಗೆ 2024ರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ತಡೆ ಹಾಕಿದೆ. ‘ಹಳೇ ಮನೆಯ ಹಲಸು, ಹತ್ತಿ ಕಾಗದ, 2 ಮಿ.ಮೀ. ಗಾಜು’ ಎಂದು ಬರೆಯಿರಿ, ಬಿಲ್ಲುಗಳನ್ನು ಇಟ್ಟುಕೊಂಡಿರಿ. ಹಕ್ಕಿ ಗೂಡಿನ ಚಿತ್ರವಾದರೆ ಊರಿನ ಹೆಸರಷ್ಟೇ ಸಾಕು, ಜಾಗದ ಗುರುತು ಬೇಡ.

ಉಳಿದ ಪಟ್ಟಿ ಎಂಟಿಂಚಿಗಿಂತ ಉದ್ದವಿದ್ದರೆ 4×6 ಕಟ್ಟಿಗಾಗುತ್ತದೆ. ಬಣ್ಣ, ಪಾಲಿಶ್ ತಾಗದ ಮರದ ಚೂರು ಬಚ್ಚಲೊಲೆಗೆ ಹೋಗಲಿ. ಎಂಡಿಎಫ್, ಸಿಂಥೆಟಿಕ್ ಪಟ್ಟಿಯ ತುಂಡುಗಳನ್ನು ಅಲ್ಲಿ ಸುಡಬೇಡಿ, ಹೊಗೆ ವಿಷ.