ಕಾಡು ಟರ್ಕಿಯ ವಸಂತ ಬೇಟೆ: ಹಕ್ಕಿ ಕಡಿಮೆಯಾದ ಕಾಲದಲ್ಲಿ ಸಿದ್ಧತೆ ಹೇಗೆ?

ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಮಾರ್ಚ್ ಕೊನೆಯಿಂದ ಮೇ ತಿಂಗಳವರೆಗೆ ಕಾಡು ಟರ್ಕಿಯ ವಸಂತ ಬೇಟೆ ನಡೆಯುತ್ತದೆ. ಇದು ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುವ ಬೇಟೆಯಲ್ಲ. ಮರಸು ಕೂತು, ಹೇಂಟೆಯ ಕೂಗನ್ನು ಅನುಕರಿಸಿ, ಹುಂಜ ತಾನಾಗಿ ಕೋವಿಯ ಅಳತೆಗೆ ಬರುವಂತೆ ಮಾಡುವುದೇ ಇದರ ಕ್ರಮ. ಕರ್ನಾಟಕದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಆದ್ದರಿಂದ ಇಲ್ಲಿ ಹೇಳಿರುವುದು ಜಾರ್ಜಿಯಾ, ಟೆನ್ನೆಸ್ಸಿ, ಅಲಬಾಮಾದಂಥ ರಾಜ್ಯಗಳಲ್ಲಿ ನೆಲೆಸಿ, ಅಲ್ಲಿನ ಪರವಾನಗಿ ಪಡೆದು ಈ ಬೇಟೆಯನ್ನು ಕಲಿಯಬೇಕೆಂದಿರುವವರಿಗೆ ಮಾತ್ರ ಅನ್ವಯಿಸುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಾಡು ಕಡಿತ ಮತ್ತು ಮಿತಿಯಿಲ್ಲದ ಬೇಟೆಯಿಂದಾಗಿ ಇಡೀ ಅಮೆರಿಕದಲ್ಲಿ ಸುಮಾರು 2 ಲಕ್ಷ ಕಾಡು ಟರ್ಕಿಗಳಷ್ಟೇ ಉಳಿದಿದ್ದವು. ಸಾಕಿ ಬೆಳೆಸಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟ ಪ್ರಯತ್ನಗಳು ವಿಫಲವಾದವು. ಬದಲಿಗೆ ಕಾಡುಹಕ್ಕಿಗಳ ಮೇಲೆ ಫಿರಂಗಿಯಿಂದ ಬಲೆ ಹಾರಿಸಿ ಹಿಡಿಯುವ ವಿಧಾನ 1951ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಕೈಗೂಡಿತು, ಮತ್ತು ಹಾಗೆ ಹಿಡಿದ ಹಕ್ಕಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಲಾಯಿತು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಡಿ ಬಂದೂಕು ಮತ್ತು ತೋಟಾಗಳ ಮೇಲೆ ವಿಧಿಸುವ ತೆರಿಗೆಯಿಂದ ಇಂಥ ಕೆಲಸಗಳಿಗೆ ಹಣ ಒದಗಿತು. ಈ ಶತಮಾನದ ಆರಂಭದ ಹೊತ್ತಿಗೆ ಸಂಖ್ಯೆ 65 ಲಕ್ಷ ದಾಟಿತ್ತು. ಈಗ ಅದು 60 ಲಕ್ಷದ ಆಸುಪಾಸಿಗೆ ಇಳಿದಿದೆ, ಮತ್ತು ಇಳಿಕೆಯ ಪೆಟ್ಟು ಹೆಚ್ಚಾಗಿ ಬಿದ್ದಿರುವುದು ಆಗ್ನೇಯ ರಾಜ್ಯಗಳ ಮೇಲೆ.

ಮೊದಲು ಈ ವರ್ಷದ ನಿಯಮ ಓದಿ

ಹೋದ ವರ್ಷದ ನಿಯಮವನ್ನು ನೆಚ್ಚಿಕೊಂಡು ಕಾಡಿಗೆ ಹೋಗುವುದು ಈಗ ಅಪಾಯದ ಕೆಲಸ, ಏಕೆಂದರೆ ಹಕ್ಕಿ ಕಡಿಮೆಯಾದಂತೆ ರಾಜ್ಯಗಳು ನಿಯಮಗಳನ್ನು ಬಿಗಿಗೊಳಿಸುತ್ತಲೇ ಬಂದಿವೆ. ಜಾರ್ಜಿಯಾ 2022ರಲ್ಲಿ ಒಬ್ಬ ಬೇಟೆಗಾರನ ಋತುವಿನ ಮಿತಿಯನ್ನು ಮೂರು ಹುಂಜಗಳಿಂದ ಎರಡಕ್ಕೆ ಇಳಿಸಿತು. ಆರಂಭದ ದಿನವನ್ನು ಏಪ್ರಿಲ್‌ಗೆ ತಳ್ಳಿ, ಸಾರ್ವಜನಿಕ ಭೂಮಿಯಲ್ಲಿ ಇನ್ನೂ ಒಂದು ವಾರ ತಡವಾಗಿ ಬೇಟೆ ತೆರೆಯುವಂತೆ ಮಾಡಿತು. ಟೆನ್ನೆಸ್ಸಿ 2023ರಲ್ಲಿ ಆರಂಭವನ್ನು ಎರಡು ವಾರ ಮುಂದೂಡಿ ಏಪ್ರಿಲ್ ಮಧ್ಯಕ್ಕೆ ತಂದಿತು ಮತ್ತು ಮಿತಿಯನ್ನು ಎರಡಕ್ಕೆ ಇಳಿಸಿತು. ಅಲಬಾಮಾ ಮಿತಿಯನ್ನು ಐದರಿಂದ ನಾಲ್ಕಕ್ಕೆ ಇಳಿಸಿದ್ದಲ್ಲದೆ, ಋತುವಿನ ಮೊದಲ ಹತ್ತು ದಿನ, ಹುಂಜವನ್ನು ಸೆಳೆಯಲು ಇಡುವ ಡಿಕಾಯ್ ಬೊಂಬೆಗಳನ್ನು ನಿಷೇಧಿಸಿತು.

ದಿನಾಂಕ ಮುಂದೂಡುವುದರ ಹಿಂದೆ ಒಂದು ತರ್ಕವಿದೆ. ಕಾಡು ಟರ್ಕಿಗಳಲ್ಲಿ ಕೂಡುವ ಹಕ್ಕು ಬಹುಪಾಲು ಬಲಿಷ್ಠ ಹುಂಜಗಳದ್ದು, ಮತ್ತು ಇತರರನ್ನು ಹಿಂದಿಕ್ಕಿ ಗಟ್ಟಿಯಾಗಿ ಕೂಗುವ ಅವೇ ಮೊದಲ ವಾರದಲ್ಲಿ ಗುಂಡಿಗೆ ಬಲಿಯಾದರೆ ಹೇಂಟೆಗಳ ಗರ್ಭಧಾರಣೆಗೆ ತೊಡಕಾಗಬಹುದು ಎಂಬುದು ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕೆಲ್ ಚೇಂಬರ್ಲೇನ್ ಮುಂತಾದ ತಜ್ಞರ ವಾದ. ಆದರೆ ದಕ್ಷಿಣ ಟೆನ್ನೆಸ್ಸಿಯ ಕೌಂಟಿಗಳಲ್ಲಿ ನಡೆದ ಅಧ್ಯಯನದಲ್ಲಿ ಋತುವನ್ನು ಎರಡು ವಾರ ಮುಂದೂಡಿದ್ದರಿಂದ ಮರಿಗಳ ಸಂಖ್ಯೆ ಹೆಚ್ಚಿದ್ದು ಕಂಡುಬರಲಿಲ್ಲ. ಚರ್ಚೆ ಇನ್ನೂ ಮುಗಿದಿಲ್ಲವಾದರೂ, ಬೇಟೆಗಾರ ಎರಡು ವಾರ ಕಾಯುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲವೆಂದು ನನ್ನ ಅನಿಸಿಕೆ: ಹೇಂಟೆಗಳು ಕಾವಿಗೆ ಕೂತ ಮೇಲೆ ಒಂಟಿಯಾಗುವ ಹುಂಜ ಕರೆಗೆ ಓಗೊಡುವ ಸಾಧ್ಯತೆಯೂ ಹೆಚ್ಚು.

ಬೇಟೆ ಶಿಕ್ಷಣದ ತರಗತಿ, ಪರವಾನಗಿ, ಟರ್ಕಿಗೆಂದೇ ಇರುವ ಅನುಮತಿ ಚೀಟಿ, ಇವೆಲ್ಲವನ್ನೂ ಚಳಿಗಾಲದಲ್ಲೇ ಮುಗಿಸಿಕೊಳ್ಳಬೇಕು. ಭಾರತದಿಂದ ಹೋದವರು ಇನ್ನೊಂದು ವಿಷಯವನ್ನು ಗಮನಿಸಲೇಬೇಕು. ಎಚ್-1ಬಿ, ಎಫ್-1 ಮುಂತಾದ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಅಥವಾ ತೋಟಾ ಹೊಂದುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ; ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಉಳ್ಳವರಿಗೆ ವಿನಾಯಿತಿ ಇದೆ. ಅಂದರೆ ಪರವಾನಗಿ ಕೈಗೆ ಬರುವ ಮೊದಲು ಗೆಳೆಯರ ಕೋವಿಯನ್ನು ಹಿಡಿದು ಅಭ್ಯಾಸ ಮಾಡುವುದೂ ತೊಂದರೆಗೆ ದಾರಿಯಾಗಬಹುದು. ಸಂಶಯವಿದ್ದರೆ ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಿಕೊಳ್ಳಿ.

ಕೋವಿಯಿಲ್ಲದೆ ಕಾಡು ಸುತ್ತುವ ಕಾಲ

ಇಡೀ ಸಿದ್ಧತೆಯಲ್ಲಿ ಹೆಚ್ಚು ಸಮಯ ಬೇಡುವುದು, ಹೆಚ್ಚು ಜನ ಅವಸರ ಮಾಡುವುದು ಈ ಹಂತದಲ್ಲೇ. ಚಳಿಗಾಲದಲ್ಲಿ ದೊಡ್ಡ ಹಿಂಡುಗಳಲ್ಲಿರುವ ಟರ್ಕಿಗಳು ಮಾರ್ಚ್ ಹೊತ್ತಿಗೆ ಚದುರತೊಡಗುತ್ತವೆ. ಆದ್ದರಿಂದ ಫೆಬ್ರವರಿಯಲ್ಲಿ ಕಂಡ ಹಿಂಡು ಏಪ್ರಿಲ್‌ನಲ್ಲಿ ಅಲ್ಲೇ ಇರುತ್ತದೆಂದು ನಂಬಬಾರದು. ಆರಂಭಕ್ಕೆ ಮೂರು ನಾಲ್ಕು ವಾರ ಮೊದಲಿನ ಬೆಳಗುಗಳೇ ನಿಜವಾದ ಲೆಕ್ಕ ಕೊಡುವುದು. ಟರ್ಕಿಗಳು ರಾತ್ರಿ ಮರದ ಮೇಲೆ ತಂಗುತ್ತವೆ ಮತ್ತು ನಸುಕಿನಲ್ಲಿ ಕೆಳಗಿಳಿಯುವ ಮೊದಲು ಹುಂಜಗಳು ಅಲ್ಲಿಂದಲೇ ಕೂಗುತ್ತವೆ. ರಸ್ತೆಯ ಬದಿಯಲ್ಲೋ ದಿಣ್ಣೆಯ ಮೇಲೋ ನಿಂತು ಆ ಕೂಗುಗಳು ಯಾವ ದಿಕ್ಕಿನಿಂದ, ಎಷ್ಟು ಬೇರೆ ಬೇರೆ ಜಾಗಗಳಿಂದ ಬಂದವೆಂದು ನಕ್ಷೆಯ ಮೇಲೆ ಗುರುತಿಸಿಕೊಳ್ಳಬೇಕು. ತಂಗುವ ಮರದ ಬುಡಕ್ಕೆ ಹೋಗಿ ನೋಡುವ ಆಸೆಯನ್ನು ತಡೆಹಿಡಿಯಬೇಕು, ಏಕೆಂದರೆ ಒಮ್ಮೆ ಬೆದರಿದ ಹಕ್ಕಿಗಳು ಮರ ಬದಲಿಸಿಬಿಡಬಹುದು.

ಬಿಸಿಲೇರಿದ ಮೇಲೆ ನೆಲ ನೋಡಿ. ತರಗೆಲೆಗಳನ್ನು ಕೆದರಿದ ಗುರುತು ಮೇವಿನ ಜಾಗವನ್ನು ಹೇಳುತ್ತದೆ. ಹುಂಜದ ಹಿಕ್ಕೆ ಒಂದು ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ, ಹೇಂಟೆಯದು ಸುರುಳಿ ಸುತ್ತಿದ ಮುದ್ದೆಯಂತಿರುತ್ತದೆ. ಬಿದ್ದ ಎದೆಗರಿಯ ತುದಿ ಕಪ್ಪಾಗಿದ್ದರೆ ಹುಂಜದ್ದು, ಕಂದಾಗಿದ್ದರೆ ಹೇಂಟೆಯದು. ಹಳೆಯ ಜೀಪು ದಾರಿಯ ಮಣ್ಣಿನಲ್ಲಿ ಹೆಜ್ಜೆಯ ಎರಡೂ ಪಕ್ಕ ಗೀರುಗಳು ಕಂಡರೆ, ಹುಂಜ ರೆಕ್ಕೆ ಇಳಿಬಿಟ್ಟು, ಬಾಲ ಬಿಚ್ಚಿ ಮೆರೆದಾಡುವ ಜಾಗ ಅದು. ಮರಸು ಕೂರಲು ಅದಕ್ಕಿಂತ ಒಳ್ಳೆಯ ಸುಳಿವು ಸಿಗದು. ಈ ದಿನಗಳಲ್ಲಿ ಹೇಂಟೆಯ ಕೂಗನ್ನು ಅನುಕರಿಸಿ ಹುಂಜಗಳನ್ನು ಪರೀಕ್ಷಿಸುವ ಚಟ ಮಾತ್ರ ಬೇಡ. ಕರೆಗೆ ಬಂದು ಮನುಷ್ಯನನ್ನು ಕಂಡ ಹುಂಜ ಅದೇ ಕರೆಗೆ ಮತ್ತೆ ಸುಲಭವಾಗಿ ಬರುವುದಿಲ್ಲ.

ಎಣಿಕೆ ಮುಗಿದ ಮೇಲೆ ಒಂದು ತೀರ್ಮಾನ ಮಾಡಬೇಕು. ಹಲವು ಬೆಳಗು ಕಿವಿಗೊಟ್ಟರೂ ಒಂದೇ ಹುಂಜದ ಕೂಗು ಕೇಳಿದ ಜಾಗವನ್ನು ಆ ವರ್ಷ ಬಿಟ್ಟುಬಿಡುವುದೇ ಸರಿ. ಕಾನೂನು ಎರಡು ಹಕ್ಕಿಗಳಿಗೆ ಅನುಮತಿ ಕೊಡುತ್ತದೆಂದರೆ ಅದು ಇಡೀ ರಾಜ್ಯದ ಲೆಕ್ಕ. ನೀವು ನಿಂತಿರುವ ನೂರಿನ್ನೂರು ಎಕರೆಯ ಲೆಕ್ಕ ನಿಮಗೇ ಗೊತ್ತಿರಬೇಕು. ಒಂದು ವರ್ಷ ವಯಸ್ಸಿನ ಹುಂಜಗಳು, ಅಲ್ಲಿನವರು ಜೇಕ್ ಎನ್ನುವವು, ಎಷ್ಟು ಕಂಡವೆಂದೂ ಬರೆದಿಟ್ಟುಕೊಳ್ಳಿ. ಅವು ವಿರಳವಾಗಿದ್ದರೆ ಹಿಂದಿನ ಬೇಸಿಗೆಯಲ್ಲಿ ಮರಿಗಳು ಉಳಿಯಲಿಲ್ಲವೆಂದರ್ಥ, ಮತ್ತು ಮುಂದಿನ ವಸಂತದಲ್ಲಿ ಬೆಳೆದ ಹುಂಜಗಳೂ ಕಡಿಮೆಯೇ.

ಕೋವಿ, ಚರೆ ಮತ್ತು ದೂರ

ಹನ್ನೆರಡು ಅಥವಾ ಇಪ್ಪತ್ತು ಬೋರಿನ ಚರೆಕೋವಿ ಸಾಕು. ಗುರಿ ಇಡುವುದು ತಲೆ ಮತ್ತು ಕತ್ತಿಗೆ, ಮೈಗೆ ಅಲ್ಲ. ಆದ್ದರಿಂದ ನಿಮ್ಮ ಕೋವಿ, ನೀವು ಬಳಸುವ ತೋಟಾ ಎರಡೂ ಸೇರಿ ಚರೆಯನ್ನು ಎಷ್ಟು ಒತ್ತಾಗಿ ಬೀಳಿಸುತ್ತವೆಂದು ಕಾಗದದ ಮೇಲೆ ಹೊಡೆದು ನೋಡಲೇಬೇಕು. 40 ಗಜ ದೂರದಿಂದ ಹೊಡೆದಾಗ 10 ಇಂಚಿನ ವೃತ್ತದೊಳಗೆ ಸುಮಾರು ನೂರು ಚರೆ ಬೀಳಬೇಕೆಂಬುದು ರೂಢಿಯ ಅಳತೆ. ಅಷ್ಟು ಬೀಳದಿದ್ದರೆ ದೂರವನ್ನು 30 ಗಜಕ್ಕೆ ಇಳಿಸಿಕೊಳ್ಳಬೇಕು. ಈಚೆಗೆ ಬಂದಿರುವ ಟಂಗ್‌ಸ್ಟನ್ ಚರೆ ಸೀಸಕ್ಕಿಂತ ಬಹಳ ಭಾರ, ಹೆಚ್ಚು ದೂರಕ್ಕೂ ಒತ್ತಾಗಿ ಹೋಗುತ್ತದೆ. ಬೆಲೆಯೂ ಹಾಗೆಯೇ ಇದೆ. ಅದರ ಬಲದಿಂದ 60 ಗಜಕ್ಕೆ ಹೊಡೆಯುವವರು ಹೆಚ್ಚುತ್ತಿರುವುದು ಮೆಚ್ಚುವ ಸಂಗತಿಯಲ್ಲ. ಗಾಯಗೊಂಡು ಪೊದೆ ಸೇರಿ ಸತ್ತ ಹುಂಜ ಯಾರ ಚೀಟಿಯಲ್ಲೂ, ಯಾವ ಇಲಾಖೆಯ ಲೆಕ್ಕದಲ್ಲೂ ಬರುವುದಿಲ್ಲ.

ಕರೆಯುವ ಅಭ್ಯಾಸ

ಹೊಸಬರಿಗೆ ಸ್ಲೇಟಿನ ಬಟ್ಟಲ ಮೇಲೆ ಕಡ್ಡಿ ಉಜ್ಜಿ ಸದ್ದು ಹೊರಡಿಸುವ ಸಾಧನ ಸುಲಭ. ಮರದ ಪೆಟ್ಟಿಗೆಯ ಮುಚ್ಚಳ ಉಜ್ಜಿ ಕೂಗು ಹೊರಡಿಸುವ ಸಾಧನದ ಸದ್ದು ದೂರಕ್ಕೆ ಕೇಳಿಸುತ್ತದೆ. ಬಾಯಲ್ಲಿಟ್ಟು ಊದುವ ಪೊರೆ ಕಲಿಯಲು ಕಷ್ಟ, ಆದರೆ ಎರಡೂ ಕೈ ಕೋವಿಯ ಮೇಲಿರುತ್ತವೆ. ಹೇಂಟೆ ಹೊರಡಿಸುವ ಯೆಲ್ಪ್, ಕ್ಲಕ್, ಪರ್ ಎಂಬ ಮೂರು ಸದ್ದು ಬಂದರೆ ಋತು ಸಾಗುತ್ತದೆ. ಹುಂಜ ಎಲ್ಲಿದೆಯೆಂದು ತಿಳಿಯಲು ನಸುಕಿನಲ್ಲಿ ಗೂಬೆಯ ಕೂಗು, ಹಗಲಲ್ಲಿ ಕಾಗೆಯ ಕೂಗು ಅನುಕರಿಸಬಹುದು. ಟರ್ಕಿ ಅದಕ್ಕೆ ತಟ್ಟನೆ ಕೂಗಿ ತಾನಿರುವ ಜಾಗವನ್ನು ತೋರಿಸಿಕೊಡುತ್ತದೆ.

ಮರಸಿನಲ್ಲಿ ಜೀವ ಕಾಪಾಡಿಕೊಳ್ಳುವುದು

ಮೈಯೆಲ್ಲ ಮರೆಮಾಚಿ ಕೂತು ಹೇಂಟೆಯಂತೆ ಕೂಗುವ ಬೇಟೆಯಲ್ಲಿ ಮನುಷ್ಯನನ್ನು ಹಕ್ಕಿಯೆಂದು ತಿಳಿದು ಹೊಡೆಯುವ ಅಪಾಯ ಸದಾ ಇದೆ. ಹುಂಜದ ತಲೆ ಕೆಂಪು, ಬಿಳಿ, ನೀಲಿ. ಆ ಮೂರು ಬಣ್ಣಗಳ ಕರವಸ್ತ್ರ, ಕಾಲುಚೀಲ, ಒಳಂಗಿ ಯಾವುದೂ ಮೈಮೇಲಿರಬಾರದು. ನಿಮ್ಮ ಹೆಗಲಿಗಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಬೇರೆ ಬೇಟೆಗಾರ ಕಂಡರೆ ಕೈ ಬೀಸದೆ ಗಟ್ಟಿಯಾಗಿ ಮಾತಾಡಿ. ಟರ್ಕಿಯ ಕೂಗು ಕೇಳಿದ ಕಡೆಗೆ ತೆವಳಿಕೊಂಡು ಹೋಗಬೇಡಿ, ಮತ್ತು ಬಿಚ್ಚಿದ ಬಾಲಗರಿಯ ಹಿಂದೆ ಅಡಗಿ ಹುಂಜದತ್ತ ಸಾಗುವ ವಿಧಾನದ ಹತ್ತಿರಕ್ಕೂ ಹೋಗಬೇಡಿ. ಹೊಡೆದ ಹಕ್ಕಿಯನ್ನು ಕಿತ್ತಳೆ ಬಣ್ಣದ ಚೀಲದಲ್ಲಿ ಹೊತ್ತು ತನ್ನಿ. ಉಣುಗುಗಳ ಬಗ್ಗೆ ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿನ ಲೋನ್ ಸ್ಟಾರ್ ಉಣುಗು ಕಚ್ಚಿದರೆ ಕುರಿ, ಹಂದಿ, ದನದ ಮಾಂಸಕ್ಕೆ ಅಲರ್ಜಿ ಬೆಳೆಯಬಹುದು. ಪರ್ಮೆಥ್ರಿನ್ ಔಷಧವನ್ನು ಮುಂಚೆಯೇ ಬಟ್ಟೆಗೆ ಸಿಂಪಡಿಸಿ ಒಣಗಿಸಬೇಕು, ಚರ್ಮಕ್ಕೆ ಹಚ್ಚಬಾರದು.

ಟ್ರಿಗರ್ ಒತ್ತುವ ಮೊದಲು

ಹುಂಜ ಬಾಲ ಬಿಚ್ಚಿದಾಗ ಬೀಸಣಿಗೆಯ ಅಂಚು ನೋಡಿ. ನಡುವಿನ ಗರಿಗಳು ಪಕ್ಕದವಕ್ಕಿಂತ ಉದ್ದವಾಗಿ ಚಾಚಿದ್ದರೆ ಅದು ಜೇಕ್. ಅಂಚು ಸಮನಾಗಿದ್ದರೆ ಬೆಳೆದ ಹುಂಜ. ಎದೆಯಿಂದ ಇಳಿಯುವ ಗಡ್ಡ ಜೇಕ್‌ಗೆ ಮೂರರಿಂದ ಐದು ಇಂಚು, ಬೆಳೆದದ್ದಕ್ಕೆ ಒಂಬತ್ತು ಹತ್ತು ಇಂಚು. ಕೆಲವು ಹೇಂಟೆಗಳಿಗೂ ತೆಳು ಗಡ್ಡ ಇರುತ್ತದೆ. ಗಡ್ಡವಿದ್ದ ಹಕ್ಕಿಯನ್ನು ಹೊಡೆಯಬಹುದೆಂಬ ನಿಯಮವಿರುವ ರಾಜ್ಯಗಳಲ್ಲಿ ಅಂಥ ಹೇಂಟೆಗೆ ಗುಂಡು ಹೊಡೆಯುವುದು ಕಾನೂನುಬದ್ಧವೇ, ಆದರೆ ಅದರೊಂದಿಗೆ ಒಂದು ಗೂಡೂ ಹೋಗುತ್ತದೆ. ಹೇಂಟೆ ನೆಲದ ಮೇಲೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು 28 ದಿನ ಕಾವು ಕೊಡುತ್ತದೆ. ಮರಿಗಳೂ ಸುಮಾರು ಎರಡು ವಾರ ಮರವೇರಲಾರದೆ ನೆಲದಲ್ಲೇ ರಾತ್ರಿ ಕಳೆಯುತ್ತವೆ. ಮೊಟ್ಟೆ, ಮರಿಗಳನ್ನು ತಿನ್ನುವ ರಕೂನ್, ಸ್ಕಂಕ್, ಒಪಾಸಮ್‌ನಂಥ ಪ್ರಾಣಿಗಳಿಗೆ ಇಷ್ಟು ಕಾಲ ಧಾರಾಳ. ಸ್ವಂತ ಜಮೀನುಳ್ಳವರು ಮೇ, ಜೂನ್‌ನಲ್ಲಿ ಹುಲ್ಲು ಕೊಯ್ಯುವುದನ್ನು ಮುಂದಕ್ಕೆ ಹಾಕಿ, ಪೈನ್ ಕಾಡಿನ ಅಡಿಪೊದೆಗಳನ್ನು ಎರಡು ಮೂರು ವರ್ಷಕ್ಕೊಮ್ಮೆ ನಿಯಂತ್ರಿತ ಬೆಂಕಿಯಿಂದ ತೆರವು ಮಾಡಿಸಿದರೆ ಮರಿಗಳಿಗೆ ಹುಳಹುಪ್ಪಟೆ ಸಿಗುವ ತೆರೆದ ನೆಲ ದೊರೆಯುತ್ತದೆ.

ಬೇಟೆಯಾದ ಮೇಲಿನ ದಾಖಲೆ

ಹೊಡೆದ ಹಕ್ಕಿಯ ವಿವರವನ್ನು ನಿಗದಿತ ಅವಧಿಯೊಳಗೆ, ಜಾರ್ಜಿಯಾದಲ್ಲಾದರೆ 24 ಗಂಟೆಯೊಳಗೆ, ಇಲಾಖೆಯ ಆ್ಯಪ್ ಅಥವಾ ಫೋನಿನ ಮೂಲಕ ದಾಖಲಿಸಬೇಕು. ಮುಂದಿನ ವರ್ಷದ ಮಿತಿ ಈ ಅಂಕಿಗಳನ್ನು ಆಧರಿಸಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹಲವು ರಾಜ್ಯಗಳು ಸಾರ್ವಜನಿಕರಿಂದ ಮರಿಗಳ ಎಣಿಕೆಯನ್ನು ಪಡೆಯುತ್ತವೆ. ಹೇಂಟೆಗೆ ಸರಾಸರಿ ಎರಡು ಮರಿ ಉಳಿದರೆ ಹಿಂಡು ತನ್ನ ಸಂಖ್ಯೆ ಕಾಯ್ದುಕೊಳ್ಳಬಲ್ಲದು ಎಂಬುದು ಸ್ಥೂಲ ಲೆಕ್ಕ. ಮರಿಗಳ ಜೊತೆಗಿರುವ ಹೇಂಟೆಗಳನ್ನಷ್ಟೇ ಬರೆದು ಕಳಿಸಿದರೆ ಆ ಸರಾಸರಿ ಸುಳ್ಳಾಗಿ ಏರುತ್ತದೆ. ಒಂಟಿಯಾಗಿ ರಸ್ತೆ ದಾಟಿದ ಹೇಂಟೆಯನ್ನೂ, ಮರಿಗಳ ಕಾಲಂನಲ್ಲಿ ಸೊನ್ನೆ ಹಾಕಿ, ಸೇರಿಸಬೇಕು.