ರಾಜಾಜಿನಗರದಲ್ಲಿ ಮದ್ದೂರು ವಡೆ: ನನ್ನ ಅನುಭವ

"ಸಿಂಸಾ ನೀರಿಲ್ದೆ ಆ ವಡೆ ಬರಾಕಿಲ್ಲ ಕಣಪ್ಪೊ" ಅಂದಿದ್ದರು ನಮ್ಮ ಅಂಗಡಿಗೆ ದಿನಾ ಬರುವ ಮಂಡ್ಯದ ಯಜಮಾನರು. ಸಿಂಸಾ ಅಂದರೆ ಮದ್ದೂರಿನ ಶಿಂಷಾ ನದಿ. ಈಗ ಅವರೇ ಸಂಜೆ ನಾಲ್ಕು ವಡೆ ಕಟ್ಟಿಸಿಕೊಂಡು ಹೋಗುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನಮ್ಮದು ಸಣ್ಣ ಕಾಂಡಿಮೆಂಟ್ಸ್. ಕೋಡುಬಳೆ, ನಿಪ್ಪಟ್ಟಿಗೆ ಒಳ್ಳೆ ಹೆಸರಿದೆ. ಮದ್ದೂರು ವಡೆಗೆ ಕೈ ಹಾಕಿ ಏಳೆಂಟು ತಿಂಗಳಲ್ಲಿ ಸುಮಾರು 18,000 ರೂಪಾಯಿ ಎಣ್ಣೆ, ಈರುಳ್ಳಿಗೆ ಹೋಯಿತು. ಒಂದು ವಾರ ಕಲ್ಲು, ಇನ್ನೊಂದು ವಾರ ಎಣ್ಣೆ ಕುಡಿದ ಸ್ಪಂಜು. ದಿನಕ್ಕೆ 1,200 ಕೊಟ್ಟು ಒಬ್ಬ ಭಟ್ಟರನ್ನು ಕರೆಸಿದೆ. ಅವರ ವಡೆ ಬೆಳಗ್ಗೆ ಚೆನ್ನಾಗಿತ್ತು, ನಾಲ್ಕು ಗಂಟೆಗೆ ಚಪಾತಿ. ಮೂರೇ ದಿನಕ್ಕೆ ಲೆಕ್ಕ ಮುಗಿಸಿದೆ. ಯಜಮಾನರ ಮಾತು ಕೇಳಿ ಮದ್ದೂರಿನ ನೆಂಟರ ಮನೆಯಿಂದ ಎರಡು ಕ್ಯಾನ್ ನೀರೂ ತಂದೆ, ನಗಬೇಡಿ. ಒಂದು ಕ್ಯಾನ್ ಖಾಲಿಯಾಯಿತು, ವಡೆ ಹಾಗೇ ಇತ್ತು.

ಕೊನೆಗೆ ದಾರಿ ತೋರಿಸಿದ್ದು ಸ್ಟೇಷನ್ನಿನ ಹಳೆ ಕಥೆ. 1917ರಲ್ಲಿ ಮದ್ದೂರು ಸ್ಟೇಷನ್ನಿನಲ್ಲಿ ಟಿಫಿನ್ ರೂಮ್ ನಡೆಸುತ್ತಿದ್ದವರು ಕುಂದಾಪುರ ಕಡೆಯ ರಾಮಚಂದ್ರ ಬುಧ್ಯ. ಇಡ್ಲಿ, ಪಕೋಡ ಮಾರುತ್ತಿದ್ದರು. ಒಂದು ದಿನ ರೈಲು ಹೊತ್ತಿಗೆ ಮೊದಲೇ ಬಂತಂತೆ. ಪಕೋಡ ಇನ್ನೂ ಕರಿದಿರಲಿಲ್ಲ. ಅದೇ ಹಿಟ್ಟನ್ನು ಕೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು, ಜನಕ್ಕೆ ಹಿಡಿಸಿತು. ನೂರು ಸಲ ಕೇಳಿದ ಕಥೆ, ಅಲ್ವಾ? ಒಂದು ದಿನ ಬಾಣಲೆ ಮುಂದೆ ನಿಂತಾಗ ಹೊಳೆಯಿತು: ಅದು ಪಕೋಡದ ಹಿಟ್ಟು! ನಾನು ನಿಪ್ಪಟ್ಟಿನ ಥರ ನೀರು ಹಾಕಿ ಕಲಸುತ್ತಿದ್ದೆ. ಪಕೋಡಕ್ಕೆ ಯಾರು ಅಷ್ಟು ನೀರು ಹಾಕುತ್ತಾರೆ?

ಆಮೇಲೆ ಕ್ರಮ ಬದಲಾಯಿತು. ಈರುಳ್ಳಿಗೆ ಉಪ್ಪು, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಕಿವುಚಿ ಇಪ್ಪತ್ತು ನಿಮಿಷ ಬಿಡುತ್ತೇನೆ. ಅಕ್ಕಿ ಹಿಟ್ಟು, ಮೈದಾ, ಚಿರೋಟಿ ರವೆಗೆ ಕಾದ ಎಣ್ಣೆ ಹಾಕಿ ಬೇರೆಯಾಗಿ ಉಜ್ಜುತ್ತೇನೆ. ಎರಡೂ ಸೇರಿದರೆ ಈರುಳ್ಳಿ ಬಿಟ್ಟ ನೀರೇ ಹೆಚ್ಚು ಕಡಿಮೆ ಸಾಕು. ಮಳೆಗಾಲದ ಹೊಸ ಈರುಳ್ಳಿಯಾದರೆ ಸ್ವಲ್ಪ ಹಿಂಡಬೇಕು. ಯಶವಂತಪುರದಲ್ಲಿ ಈಗ ಹಳೆ ಈರುಳ್ಳಿಯನ್ನೇ ಆರಿಸುತ್ತೇನೆ, ಕೆಜಿಗೆ ನಾಲ್ಕೈದು ರೂಪಾಯಿ ಜಾಸ್ತಿಯಾದರೂ ಸರಿ. ಹಿಟ್ಟಿಗೆ ಹಾಕುವ ಆ ಕಾದ ಎಣ್ಣೆ ಜೊತೆ ಇನ್ನೊಂದು ವಸ್ತು ಹೋಗುತ್ತದೆ. ಅದು ನನ್ನ ಹತ್ತಿರವೇ ಇರಲಿ.

ಕಥೆ ಒಂದು ಕಡೆ ಮೋಸವನ್ನೂ ಮಾಡಿತು. ಅವಸರದ ವಡೆ ಎಂದು ದೊಡ್ಡ ಉರಿಯಲ್ಲಿ ಕರಿದೆ. ಹೊರಗೆ ಕೆಂಪು, ಒಳಗೆ ಹಸಿ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬೇಕು, ಗ್ಯಾಸ್ ಖರ್ಚು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಧ್ಯೆ ಕಡಲೆಹಿಟ್ಟು ಹಾಕಿ ನೋಡಿದೆ, ಬರೀ ಪಕೋಡ ರುಚಿ. ರಾಗಿ ಹಿಟ್ಟಿನದು ಮನೆಯವರೂ ಮುಟ್ಟಲಿಲ್ಲ. ಸಬ್ಬಸಿಗೆ ಸೊಪ್ಪಿನದು ಮಾತ್ರ ಗೆದ್ದಿತು, ಶನಿವಾರ ಮಾಡುತ್ತೇನೆ.

ಕರಿದ ವಡೆಯನ್ನು ಗರಿ ಹೋಗದಂತೆ ಇಡುವ ವಿಷಯ ಕಲಿತದ್ದು ರೈಲಿನಲ್ಲಿ. ಉಗಿ ಎಂಜಿನ್ ಕಾಲದಲ್ಲಿ ನೀರು ತುಂಬಿಸಲು ಗಾಡಿ ಮದ್ದೂರಿನಲ್ಲಿ ನಿಲ್ಲುತ್ತಿತ್ತು, ಜನ ಇಳಿದು ಬಂದು ಬಿಸಿಯಾಗಿ ತಿನ್ನುತ್ತಿದ್ದರು. ಈಗ ನಿಂತಹಾಗೆ ಮಾಡಿ ಹೊರಡುತ್ತದೆ. ಹಾಗಾಗಿ ವಡೆಯೇ ಗಾಡಿ ಹತ್ತುತ್ತದೆ. ಚನ್ನಪಟ್ಟಣ ದಾಟಿ ರಾಮನಗರದ ಹತ್ತಿರ ಕೊಂಡರೂ ಗರಿ ಹೋಗಿರುವುದಿಲ್ಲ. ಮಾರುವವರ ಬುಟ್ಟಿಗೆ ಗಾಳಿ ಆಡುತ್ತದಲ್ಲ! ನಾನು ದಡ್ಡನ ಥರ ಬಿಸಿಬಿಸಿಯಾಗಿ ಪ್ಲಾಸ್ಟಿಕ್ ಡಬ್ಬಿಗೆ ತುಂಬುತ್ತಿದ್ದೆ. ಈಗ ಬಿದಿರು ಬುಟ್ಟಿ, ಮೇಲೆ ಪೇಪರ್, ಅಷ್ಟೆ.

ಒಂದಕ್ಕೆ 15 ರೂಪಾಯಿ, ದಿನಕ್ಕೆ ನೂರಿಪ್ಪತ್ತರ ಹತ್ತಿರ ಹೋಗುತ್ತದೆ. ಕಳೆದುಕೊಂಡದ್ದು ಮೂರು ತಿಂಗಳಲ್ಲಿ ವಾಪಸ್ ಬಂತು. ಆ ಭಟ್ಟರು ಮೊನ್ನೆ ಬಂದು, ಸುಮ್ನೆ ಮಾತಾಡುವ ಹಾಗೆ ಹಿಟ್ಟಿನ ಪಾತ್ರೆಯೊಳಗೆ ಇಣುಕಿ ಹೋದರು.

ಉಳಿದ ಕ್ಯಾನ್ ನೀರು ಒಲೆ ಪಕ್ಕ ಹಾಗೇ ಇದೆ. ಯಜಮಾನರು ಅದನ್ನು ನೋಡಿ "ನಾನ್ ಹೇಳ್ನಿಲ್ವಾ?" ಎಂದು ಮೀಸೆ ತಿರುವಿದರು. ನಾನೂ ಹೂಂ ಅಂದು ವಡೆ ಕಟ್ಟಿಕೊಟ್ಟೆ.