ಪ್ರಜ್ಞೆ ಇಲ್ಲದವರ ಪರವಾಗಿ ತೀರ್ಮಾನ ತೆಗೆದುಕೊಳ್ಳುವಾಗ

ತಲೆಗೆ ಪೆಟ್ಟು ಬಿದ್ದು, ಇಲ್ಲವೇ ಹೃದಯ ನಿಂತು ಮತ್ತೆ ಶುರುವಾಗಿ, ನಿಮ್ಮವರು ಕಣ್ಣು ಬಿಟ್ಟರೂ ಕರೆದರೆ ಓಗೊಡದೆ ಮಲಗಿದ್ದಾರೆ. ವೆಂಟಿಲೇಟರ್ ಮುಂದುವರಿಸೋಣವಾ ಅಂತ ಡಾಕ್ಟರು ಕೇಳುತ್ತಾರೆ. ಗಾಬರಿಯಲ್ಲಿ ಅವತ್ತೇ ಉತ್ತರ ಕೊಡಬೇಡಿ.

ಮೊದಲು ಸ್ಥಿತಿ ಯಾವುದು ಅಂತ ಬಿಡಿಸಿ ಕೇಳಿ. ಕೋಮಾದಲ್ಲಿ ಕಣ್ಣೇ ತೆರೆಯುವುದಿಲ್ಲ. ವೆಜಿಟೇಟಿವ್ ಸ್ಥಿತಿಯಲ್ಲಿ ಕಣ್ಣು ತೆರೆಯುತ್ತದೆ, ಅರಿವಿನ ಗುರುತು ಕಾಣುವುದಿಲ್ಲ. ಆಗೊಮ್ಮೆ ಈಗೊಮ್ಮೆ ಗುರುತು ಕಂಡರೆ ಅದು ಕನಿಷ್ಠ ಪ್ರಜ್ಞೆಯ ಸ್ಥಿತಿ. ಮಿದುಳು ಸಾವು, ಅಂದರೆ ಮಿದುಳಿನ ಕೆಲಸ ಪೂರ್ತಿ ನಿಂತು ಮತ್ತೆ ಬಾರದ ಸ್ಥಿತಿ, ಇವೆಲ್ಲಕ್ಕಿಂತ ಬೇರೆ.

ಇಲ್ಲೇ ಜಾಸ್ತಿ ತಪ್ಪಾಗುವುದು. ಅಳತೆಯ ಪರೀಕ್ಷೆ ಇಲ್ಲದೆ, ನೋಡಿಯೇ ವೆಜಿಟೇಟಿವ್ ಅಂತ ಡಾಕ್ಟರು ಹೇಳಿದ್ದ ರೋಗಿಗಳಲ್ಲಿ ಸುಮಾರು ಶೇಕಡಾ 40 ಜನರಿಗೆ ಸ್ವಲ್ಪ ಅರಿವಿತ್ತು ಅಂತ 2009ರ ಅಧ್ಯಯನವೊಂದು ತೋರಿಸಿತು. ಸಿಆರ್‌ಎಸ್-ಆರ್ ಅನ್ನುವ, ಅರಿವಿನ ಗುರುತುಗಳನ್ನು ಹಂತಹಂತವಾಗಿ ಅಳೆಯುವ ಪರೀಕ್ಷೆ ಮಾಡಿ ಅಂತ ಕೇಳಿ, ಅದೂ ಎರಡು ವಾರದಲ್ಲಿ ಐದು ಸಲವಾದರೂ, ಬೇರೆ ಬೇರೆ ಹೊತ್ತಿನಲ್ಲಿ. ಅದರಲ್ಲಿ ಮುಖದ ಮುಂದೆ ಕನ್ನಡಿ ಹಿಡಿದು ನಿಧಾನಕ್ಕೆ ಆಚೀಚೆ ಸರಿಸುತ್ತಾರೆ. ಕಣ್ಣು ಅದರ ಹಿಂದೆಯೇ ಹೋದರೆ ಅದು ದೊಡ್ಡ ಸುಳಿವು. ಮಂಪರು ಬರಿಸುವ ಔಷಧಿ, ಸೋಂಕು, ಹೊರಗೆ ಕಾಣದ ಫಿಟ್ಸ್, ಇವು ಅರಿವನ್ನು ಮುಚ್ಚಿಡುತ್ತವೆ, ಅದನ್ನೂ ವಿಚಾರಿಸಿ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೇಳಿದ್ದಕ್ಕೆ ಮೈ ಅಲುಗಿಸದ ರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರ ಮಿದುಳು ಸ್ಕ್ಯಾನ್ ಅಥವಾ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ಸ್ಪಂದಿಸಿತ್ತು. ಹಾಗಾಗಿ ಹಾಸಿಗೆ ಪಕ್ಕ ನಿಂತು ಖರ್ಚಿನ ಜಗಳ ಆಡಬೇಡಿ, ಅವರಿಗೆ ಕೇಳಿಸುತ್ತಿರಬಹುದು, ಅಲ್ವಾ?

ಮೊದಲ 28 ದಿನದಲ್ಲಿ 'ಇನ್ನು ಆಸೆ ಇಲ್ಲ' ಅನ್ನಬೇಡಿ ಅಂತ 2018ರ ಅಮೆರಿಕದ ನರರೋಗ ತಜ್ಞರ ಮಾರ್ಗಸೂಚಿಯೇ ವೈದ್ಯರಿಗೆ ಹೇಳುತ್ತದೆ. ಪೆಟ್ಟಿನಿಂದ ಆದದ್ದಕ್ಕೆ ಚೇತರಿಕೆಯ ಸಾಧ್ಯತೆ ಹೆಚ್ಚು, ಆಮ್ಲಜನಕ ಸಿಗದೆ ಆದದ್ದಕ್ಕೆ ಕಡಿಮೆ. ಆದರೆ ಚೇತರಿಕೆ ಅಂದರೆ ಮೊದಲಿನಂತೆ ಓಡಾಡುವುದು ಅಂತಲ್ಲ. ಹಲವರಿಗೆ ಊಟಕ್ಕೂ ಸ್ನಾನಕ್ಕೂ ಜೀವನಪೂರ್ತಿ ಇನ್ನೊಬ್ಬರ ಕೈ ಬೇಕಾಗುತ್ತದೆ. ಚೇತರಿಕೆಯ ಸಾಧ್ಯತೆ ಎಷ್ಟು, ಚೇತರಿಸಿಕೊಂಡರೆ ಹೇಗಿರುತ್ತಾರೆ, ಎರಡನ್ನೂ ನೇರವಾಗಿ ಕೇಳಿ ತಿಳಿದುಕೊಳ್ಳಿ.

ಆಮೇಲೆ ಮನೆಯವರು ಕೂತು ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇದನ್ನೆಲ್ಲ ಕಂಡಿದ್ದರೆ ಅವರೇ ಏನು ಹೇಳುತ್ತಿದ್ದರು? ಬರೆದಿಟ್ಟಿದ್ದಾರಾ, ಬೇರೆಯವರ ಕಾಯಿಲೆ ನೋಡಿ ಏನಾದರೂ ಅಂದಿದ್ದರಾ, ನೆನಪಿಸಿಕೊಳ್ಳಿ. ದುಡ್ಡಿನ ಚಿಂತೆ ಇದ್ದರೆ ಬಾಯಿಬಿಟ್ಟು ಹೇಳಿ, ಅದರಲ್ಲಿ ನಾಚಿಕೆ ಇಲ್ಲ. 'ಅವರಿಗೇ ಬೇಡವಾಗಿತ್ತು' ಅಂತ ಅದನ್ನು ಅವರ ಮೇಲೆ ಹಾಕುವುದು ಮಾತ್ರ ಅನ್ಯಾಯ.

ಒಮ್ಮತ ಬರದಿದ್ದರೆ ಗಡುವು ಹಾಕಿ ಚಿಕಿತ್ಸೆ ಮುಂದುವರಿಸಿ. ಇಷ್ಟು ವಾರ, ಇಂಥ ಗುರುತು ನೋಡೋಣ ಅಂತ ಡಾಕ್ಟರ ಜೊತೆ ಬರೆದಿಟ್ಟುಕೊಳ್ಳಿ. ಶುರು ಮಾಡಿದ್ದನ್ನು ನಿಲ್ಲಿಸುವುದು ಶುರುವೇ ಮಾಡದಿರುವುದಕ್ಕಿಂತ ದೊಡ್ಡ ತಪ್ಪಲ್ಲ ಅಂತ ವೈದ್ಯನೀತಿ ಬಲ್ಲ ಬಹುತೇಕರು ಒಪ್ಪುತ್ತಾರೆ. ಕಾನೂನು ಮಾತ್ರ ದೇಶದಿಂದ ದೇಶಕ್ಕೆ ಬೇರೆ, ಆಸ್ಪತ್ರೆಯ ನೈತಿಕ ಸಮಿತಿಯನ್ನು ಕೇಳಿ. ನಿಲ್ಲಿಸುವುದು ಅಂತಾದರೆ, ನೋವಿಗೆ, ಉಸಿರಾಟದ ಸಂಕಟಕ್ಕೆ ಯಾವ ಔಷಧಿ ಕೊಡುತ್ತೀರಿ ಅಂತ ಮುಂಚೆಯೇ ಕೇಳಿಟ್ಟುಕೊಳ್ಳಿ.